ಒಡೆಯದ ಬಿಲ್ಲೆ

ಓಟ್ಮಾರ್ ಕೀಸ್ಲಿಂಗ್ ಕೈ ಸುಟ್ಟುಕೊಂಡಿದ್ದು ಅವನಿಗಿಂತ ಮೊದಲು ನನ್ನ ಮೂಗಿಗೆ ಗೊತ್ತಾಯಿತು.

ನಾನು ನನ್ನ ಮೂಲೆಯಲ್ಲಿ ಜರಡಿ ಹಿಡಿಯುತ್ತಾ ಕೂತಿದ್ದೆ. ಏನೋ ಸುಟ್ಟ ವಾಸನೆ ಬಂತು. ನಾವಿಲ್ಲಿ ಕಾಯಿಸುವ ಪಾಲಿಮರ್ ವಾಸನೆ ನನಗೆ ಚೆನ್ನಾಗಿ ಗೊತ್ತು, ತೊಳೆಯದ ಕೊಟ್ಟಿಗೆಯ ಹಾಗೆ ಮೂಗಿಗೆ ಹೊಡೆಯುತ್ತೆ. ಇದು ಅದಲ್ಲ. ತಿರುಗಿ ನೋಡಿದರೆ ಓಟ್ಮಾರ್ ಬಿಸಿ ಮಾಡಿ ಒತ್ತುವ ಪ್ರೆಸ್ಸಿನ ಮುಂದೆ ನಿಂತಿದ್ದಾನೆ, ಇನ್ನೂ ಆರದ ಗ್ರಾಫೈಟ್ ಅಚ್ಚು ಬರಿಗೈಯಲ್ಲಿದೆ. ಕೈಗವಸು ಪಕ್ಕದ ಮೇಜಿನ ಮೇಲೆ ತಣ್ಣಗೆ ಬಿದ್ದಿದೆ.

"ಓಟ್ಮಾರ್! ಬಿಡೋ ಅದನ್ನ! ಕೈ ಬೇಯ್ತಿದೆಯಲ್ಲೋ ಮಾರಾಯ!"

ಅವನು ಗಾಬರಿಯಾಗಲಿಲ್ಲ. ಅಚ್ಚನ್ನು ನಿಧಾನವಾಗಿ, ಪೆಟ್ಟಾಗದ ಹಾಗೆ, ಅದರ ಜಾಗದಲ್ಲೇ ಇಟ್ಟ. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ನೋಡುವವನ ಹಾಗೆ.

"ಹೌದಲ್ಲ," ಅಂದ.

ನಾನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ಚರ್ಮ ಬೆಳ್ಳಗೆ ಎದ್ದಿತ್ತು. "ಉರೀತಾ ಇಲ್ವೇನೋ?" ಅಂದರೆ, "ಇಲ್ಲ ಬಾಬೆಟ್. ಏನೂ ಇಲ್ಲ," ಅಂದ. ಸುಳ್ಳು ಹೇಳುವ ಜಾತಿಯಲ್ಲ ಅವನು. ನನಗೆ ಸಿಟ್ಟು ಬಂತು. ಹೆದರಿಕೆ ಆದಾಗಲೆಲ್ಲ ನನಗೆ ಬರುವುದು ಸಿಟ್ಟೇ.

ಅವನ ಹೆಂಡತಿ ರೋಸ್ವಿತಾ ತೀರಿಹೋಗಿ ಆಗ ಎರಡನೆಯ ಚಳಿಗಾಲ. ರೋಸ್ವಿತಾ ನನ್ನ ಗೆಳತಿ. ನಾವಿಬ್ಬರೂ ಊರಿನ ಹಳೇ ಪಿಂಗಾಣಿ ಕಾರ್ಖಾನೆಯಲ್ಲಿ ಚಿತ್ರ ಬರೆಯುವ ಹಾಲ್‌ನಲ್ಲಿ ಪಕ್ಕಪಕ್ಕ ಕೂತು ಬೆನ್ನು ಬಗ್ಗಿಸಿದವರು. ಓಟ್ಮಾರ್ ಅಲ್ಲೇ ಗೂಡು ಉರಿಸುತ್ತಿದ್ದ. ನಾವು ನೀಲಿ ಹೂವು ಬರೆದ ತಟ್ಟೆಗಳನ್ನು ಅವನು ಸುಡುತ್ತಿದ್ದ, ಅಷ್ಟರಲ್ಲೇ ಅವರಿಬ್ಬರ ಮದುವೆಯೂ ಆಗಿಹೋಯಿತು. ಕಾರ್ಖಾನೆ ಬಾಗಿಲು ಮುಚ್ಚಿತು. ರೋಸ್ವಿತಾ ಬೇಕರಿಯ ಕೌಂಟರ್‌ಗೆ ಹೋದಳು. ನಾನೂ ಓಟ್ಮಾರೂ ಅದೇ ಕಾರ್ಖಾನೆಯ ಹಿಂದಿನ ಗೋದಾಮಿನಲ್ಲಿ ಶುರುವಾದ ಈ ಹೊಸ ಕೆಲಸಕ್ಕೆ ಸೇರಿದೆವು. ಪಂಪುಗಳಿಗೆ ಬೇಕಾದ ಕಪ್ಪು ಉಂಗುರ, ಬಿಲ್ಲೆ ಮಾಡುವ ಕೆಲಸ. ಊರವರು ಹಲ್ಲು ಕಿರಿದರು. "ಮಣ್ಣಿಲ್ಲದೆ ಪಿಂಗಾಣಿ ಮಾಡ್ತಾರಂತೆ, ಪ್ಲಾಸ್ಟಿಕ್ ಸುಟ್ಟು!" ಅಂತ. ನಗಲಿ ಬಿಡಿ.

ಪ್ಲಾಸ್ಟಿಕ್ ಸುಡೋದು ಅನ್ನೋದೂ ಪೂರ್ತಿ ಸುಳ್ಳಲ್ಲ. ಡಬ್ಬಿಯಲ್ಲಿ ಪಾಲಿಮರ್ ಬರುತ್ತೆ, ನೀರಾಗಿಹೋದ ಜೇನಿನ ಹಾಗಿರುತ್ತೆ. ಹದವಾಗಿ ಕಾಯಿಸಿದರೆ ಗಟ್ಟಿಯಾಗಿ ಅರಗಿನ ಹಾಗೆ ಆಗುತ್ತೆ. ಅದನ್ನು ನಾನು ಗಾಳಿಯಾಡದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಹಿಟ್ಟು ಮಾಡಿ ಜರಡಿ ಹಿಡೀತೀನಿ. ಹಿಟ್ಟನ್ನು ಓಟ್ಮಾರ್ ಗ್ರಾಫೈಟ್ ಅಚ್ಚಿಗೆ ತುಂಬುತ್ತಾನೆ, ಕೆಳಗೊಂದು ಮೇಲೊಂದು ಗ್ರಾಫೈಟ್ ಗೂಟ ಕೊಡುತ್ತಾನೆ, ಪ್ರೆಸ್ಸಿನೊಳಗೆ ಕೂರಿಸಿ ಬಾಗಿಲು ಬಿಗಿಯುತ್ತಾನೆ. ಆಮೇಲೆ ಬಿಸಿ ಮತ್ತು ಒತ್ತಡ. ಒಳಗೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಕಿಂಡಿಯಲ್ಲಿ ಕಣ್ಣಿಟ್ಟು ನೋಡಲಾಗದಷ್ಟು ಬಿಳಿ. ಮಾರನೇ ಬೆಳಿಗ್ಗೆ ಬಾಗಿಲು ತೆಗೆದರೆ ಕಪ್ಪು ಬಿಲ್ಲೆ.

ಕಾಯಿಸಿದರೆ ಸಾಲದಾ, ಒತ್ತುವುದು ಯಾಕೆ ಅಂತ ನಾನೂ ಮೊದಲು ಕೇಳಿದ್ದೆ. ಪಾಲಿಮರ್ ಸೆರಾಮಿಕ್ ಆಗುವಾಗ ಕುಗ್ಗುತ್ತೆ, ಒಳಗಿಂದ ಅನಿಲ ಬಿಡುತ್ತೆ. ಬರೀ ಕಾಯಿಸಿದರೆ ರಸ್ಕಿನ ಹಾಗೆ ತೂತುತೂತು. ಬಿಸಿ ಇರುವಾಗಲೇ ಒತ್ತಿದರೆ ತೂತೆಲ್ಲ ಮುಚ್ಚಿ ಕಲ್ಲಿಗಿಂತ ಗಟ್ಟಿಯಾಗುತ್ತೆ. ಆದರೆ ಒತ್ತುವುದಕ್ಕೆ ಒಂದು ಹೊತ್ತಿದೆ. ಅನಿಲ ಪೂರ್ತಿ ಹೋಗುವ ಮುಂಚೆ ಒತ್ತಿಬಿಟ್ಟರೆ ಅದು ಒಳಗೇ ಸಿಕ್ಕಿಬೀಳುತ್ತೆ. ಬಿಲ್ಲೆ ಹೊರಗೆ ನುಣ್ಣಗೆ ಚೆನ್ನಾಗೇ ಕಾಣುತ್ತೆ. ಆಮೇಲೆ ಯಾವತ್ತೋ ಒಂದು ದಿನ, ಮೇಜಿನ ಮೇಲೆ ಸುಮ್ಮನೆ ಇಟ್ಟಾಗಲೂ, ಟಪ್ ಅಂತ ಸೀಳುತ್ತೆ. ಯಾವಾಗ ಒತ್ತಬೇಕು ಅನ್ನುವುದನ್ನು ಯಂತ್ರಕ್ಕೇ ಹೇಳಿಟ್ಟು ಮನೆಗೆ ಹೋಗಬಹುದು. ಓಟ್ಮಾರ್ ಹೋಗಲ್ಲ. ಸ್ಟೂಲ್ ಎಳೆದುಕೊಂಡು ಅದರ ಮುಂದೆ ಕೂರುತ್ತಾನೆ, ಹಾಲು ಉಕ್ಕುತ್ತೆ ಅಂತ ಕಾಯುವವರ ಹಾಗೆ.

ರೋಸ್ವಿತಾಳನ್ನು ಶುಕ್ರವಾರ ಮಣ್ಣು ಮಾಡಿದೆವು. ಸೋಮವಾರ ಬೆಳಿಗ್ಗೆ ಓಟ್ಮಾರ್ ಸ್ಟೂಲ್ ಮೇಲೆ ಕೂತಿದ್ದ. ನಮ್ಮ ಯಜಮಾನ ಡಾಕ್ಟರ್ ಫೈಟ್ ಒಳ್ಳೆ ಮನುಷ್ಯ, ಪಕ್ಕ ಬಂದು ನಿಂತು, "ಕೀಸ್ಲಿಂಗ್ ಅವರೇ, ನೀವು ರಜೆ ತಗೊಳ್ಳಿ, ಇಲ್ಲಿ ಹೇಗೋ ನಡೆಯುತ್ತೆ," ಅಂದರು. "ಪ್ರೆಸ್ಸು ಕಾಯ್ತಾ ಇದೆ," ಅಂದ ಇವನು. ಅಷ್ಟೇ.

ಅತ್ತಿದ್ದನ್ನು ಯಾರೂ ನೋಡಲಿಲ್ಲ. ಅವಳ ಹೆಸರೂ ಬಾಯಿಗೆ ಬರಲಿಲ್ಲ. ಮಧ್ಯಾಹ್ನ ಬ್ರೆಡ್ಡು ಸಾಸೇಜು ನಿಂತುಕೊಂಡೇ ತಿನ್ನುವನು, ಏನು ತಿಂದೆ ಅಂದರೆ ಯೋಚನೆ ಮಾಡುವನು. ನಾವೆಲ್ಲ ನಕ್ಕ ಮೇಲೆ ಒಂದು ಚಣ ತಡೆದು ನಗುವನು. ಹಬ್ಬಕ್ಕೆ ಕರೆದರೆ ಬರುವನು, ಕೊಟ್ಟ ಕುರ್ಚಿಯಲ್ಲಿ ಕೂರುವನು, ಹೊತ್ತಾದರೆ ಎದ್ದು ಹೋಗುವನು. ಯಾರಿಗೂ ತೊಂದರೆ ಇಲ್ಲ. ಅದೇ ನನಗೆ ಮೈ ಉರಿಸುತ್ತಿತ್ತು.

ಕೈ ಸುಟ್ಟ ದಿನ ಪಟ್ಟಿ ಕಟ್ಟುತ್ತಾ ತಡೆಯಲಾಗದೆ ಹೇಳಿಯೇಬಿಟ್ಟೆ. "ನೀನು ಬೇಗ ಒತ್ತಿಬಿಟ್ಟೆ ಓಟ್ಮಾರ್. ಅವಳ ಗೋರಿ ಮಣ್ಣು ಒಣಗೋ ಮುಂಚೆ ಇಲ್ಲಿ ಬಂದು ಕೂತೆ. ಒಳಗಿರೋದೆಲ್ಲ ಒಳಗೇ ಸಿಕ್ಕಿಹಾಕ್ಕೊಂಡಿದೆ."

ಅವನು ನನ್ನನ್ನು ನೋಡಿದ. "ಅದು ಹಿಟ್ಟು ಬಾಬೆಟ್. ಹಿಟ್ಟಿಗೆ ಹೆಂಡ್ತಿ ಇರಲ್ಲ."

ನಾನು ಪಟ್ಟಿಯ ಗಂಟು ಬಿಗಿದು ಎದ್ದೆ. ನನ್ನ ಬಾಯಿ ಮುಚ್ಚಿಸಿದವರು ಈ ಊರಲ್ಲಿ ಕಡಿಮೆ.

ಹೀಗಿರುವಾಗ ವಸಂತದಲ್ಲಿ ವ್ರೋನಿ ಬಂದಳು. ವ್ರೋನಿ ಅವರ ಒಬ್ಬಳೇ ಮಗಳು, ನನ್ನ ತೊಡೆಯ ಮೇಲೆ ಬೆಳೆದವಳು. ದೂರದ ಕೀಲ್ ನಗರದಲ್ಲಿ ನರ್ಸ್. ಸೆಪ್ಟೆಂಬರ್‌ಗೆ ಮದುವೆ, ಹುಡುಗ ಹೆನ್ನಿಂಗ್ ಅಂತ, ಸಮುದ್ರದ ಕಡೆಯವನು. ಮದುವೆ ಇಲ್ಲೇ, ಅದರ ಹಿಂದಿನ ಸಂಜೆ ಪೋಲ್ಟರ್ ಅನ್ನುವ ಶಾಸ್ತ್ರ, ಅದೂ ಅಪ್ಪನ ಮನೆ ಬಾಗಿಲಲ್ಲೇ. ಪಿಂಗಾಣಿ ಊರಿನ ಹುಡುಗಿ, ಬಾಗಿಲ ಮುಂದೆ ಪಿಂಗಾಣಿ ಒಡೆಯದೆ ಮದುವೆಯಾಗುವುದುಂಟೇ? ನೆಂಟರು, ಅಕ್ಕಪಕ್ಕದವರು, ಕರೆಯದವರೂ ಬಂದು ತಟ್ಟೆ ಲೋಟ ಕಲ್ಲುಹಾಸಿನ ಮೇಲೆ ಎಸೆದು ಚೂರು ಮಾಡಬೇಕು. ಆ ಚೂರನ್ನು ಮದುಮಕ್ಕಳಿಬ್ಬರೇ ಗುಡಿಸಬೇಕು, ಬೇರೆ ಯಾರೂ ಪೊರಕೆ ಮುಟ್ಟಬಾರದು. ಗಾಜು ಮಾತ್ರ ಒಡೆಯಬಾರದು, ಕೆಡುಕು.

ವ್ರೋನಿ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕಲಕುತ್ತಲೇ ಇದ್ದಳು. ಸಕ್ಕರೆ ಹಾಕಿರಲಿಲ್ಲ.

"ಚಿಕ್ಕಮ್ಮ, ಅಮ್ಮನ ಪೆಟ್ಟಿಗೆ ಕೇಳಿದೆ ಅಪ್ಪನ್ನ."

ಪೆಟ್ಟಿಗೆ ಅಂದರೆ ಯಾವುದು ಅಂತ ನನಗೆ ಗೊತ್ತು. ವ್ರೋನಿ ಹುಟ್ಟಿದಾಗಿನಿಂದ ರೋಸ್ವಿತಾ ಕಾರ್ಖಾನೆಯಲ್ಲಿ ಸೊಟ್ಟಗಾದ, ಚುಕ್ಕೆ ಬಿದ್ದ ತಟ್ಟೆ ಬಟ್ಟಲುಗಳನ್ನು ಕೇಳಿ ತರುತ್ತಿದ್ದಳು. ಊಟದ ಬಿಡುವಿನಲ್ಲಿ ಅವುಗಳ ಮೇಲೆ ನೀಲಿ ಹೂವು ಬರೆಯುವಳು. ಓಟ್ಮಾರ್ ಗೂಡಿನ ಮೂಲೆಯಲ್ಲಿಟ್ಟು ಸುಟ್ಟುಕೊಡುವನು. "ವ್ರೋನಿಯ ಪೋಲ್ಟರ್‌ಗೆ," ಅಂತ ನೆಲಮಾಳಿಗೆಯ ಮರದ ಪೆಟ್ಟಿಗೆಯಲ್ಲಿ ಇಡುವಳು. "ಒಡೆಯೋ ತಟ್ಟೆಗೆ ಹೂವು ಯಾಕೇ, ತಲೆ ಕೆಟ್ಟಿದೆಯಾ?" ಅಂತ ನಾವು ರೇಗಿಸಿದರೆ, "ಬರೀ ತಟ್ಟೆ ಯಾರು ಬೇಕಾದ್ರೂ ಒಡೀತಾರೆ. ನನ್ನ ಮಗಳಿಗೆ ಹೂವಿನದೇ ಒಡೀಬೇಕು," ಅನ್ನುತ್ತಿದ್ದಳು.

"ಏನಂದ ಅಪ್ಪ?"

"ನೋಡೋಣ ಅಂದ. ಮೂರು ಸಲ ಕೇಳಿದೆ, ಮೂರು ಸಲವೂ ನೋಡೋಣ." ಅವಳು ಚಮಚ ಕೆಳಗಿಟ್ಟಳು. "ಚಿಕ್ಕಮ್ಮ, ಅಮ್ಮ ಹೋದಾಗಿಂದ ಅಪ್ಪ ಒಂದು ಸಲ, ಒಂದೇ ಒಂದು ಸಲ, ಅಮ್ಮನ ಮಾತು ಎತ್ತಿಲ್ಲ. ನಾನು ಎತ್ತಿದ್ರೆ ಹವಾಮಾನ ಹೇಳ್ತಾನೆ. ಫೋನ್ ಮಾಡಿದ್ರೆ 'ಚೆನ್ನಾಗಿದೀನಿ' ಅಂತಾನೆ. ನಂಗೆ ಅಮ್ಮ ಇಲ್ಲ ಅಂತ ಗೊತ್ತು. ಅಪ್ಪ ಇದ್ದಾನೋ ಇಲ್ವೋ ಗೊತ್ತಾಗ್ತಿಲ್ಲ. ಆ ಪೆಟ್ಟಿಗೆನೂ ಕೊಡ್ಲಿಲ್ಲ ಅಂದ್ರೆ, ಮದುವೆ ಮುಗಿಸ್ಕೊಂಡು ಹೋಗ್ತೀನಿ, ಆಮೇಲೆ ಈ ಕಡೆ ತಲೆ ಹಾಕಲ್ಲ."

"ಹಾಗೆಲ್ಲ ಅನ್ನಬೇಡ ಕಣೇ."

"ಅಂದಾಯ್ತು," ಅಂದಳು. ಥೇಟ್ ರೋಸ್ವಿತಾ.

ಅಂದಿನಿಂದ ನನ್ನ ಎದೆ ಮೇಲೆ ಆ ಪೆಟ್ಟಿಗೆ ಕೂತಿತು. ಅದರೊಳಗಿನ ತಟ್ಟೆ ಹೋದರೆ ಹೋಯಿತು. ಈ ಹುಡುಗಿಗೆ ಅಪ್ಪ ಉಳಿಯುತ್ತಾನೋ ಇಲ್ಲವೋ ಅನ್ನುವುದೇ ನನ್ನ ಸಂಕಟ. ಸಿಕ್ಕಾಗಲೆಲ್ಲ ಓಟ್ಮಾರನ ಕಿವಿ ತಿಂದೆ. ಅವನು ಹೂಂ ಅನ್ನುವನು. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿ ಕೊಡುತ್ತಿತ್ತು.

ಮದುವೆಯ ವಾರ ಬಂತು. ಸೋಮವಾರ ನಾನು ಮನೆಗೆ ಹೊರಡುವಾಗ ಓಟ್ಮಾರ್ ನನ್ನ ಮೂಲೆಗೆ ಬಂದ. ತಾನಾಗಿ ಬರುವವನಲ್ಲ.

"ಉಳಿದ ಹಿಟ್ಟು ಇದೆಯಾ? ಡಾಕ್ಟರನ್ನ ಕೇಳಿದೀನಿ, ತಗೋ ಅಂದಿದಾರೆ."

"ಇದೆ. ಯಾಕೆ?"

"ಒಂದು ಬಿಲ್ಲೆ ಮಾಡಬೇಕು. ಪೋಲ್ಟರ್‌ಗೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅವಳ ಪೆಟ್ಟಿಗೆ ಬದಲು ಇದನ್ನ ಒಡೀತೀಯಾ?"

"ಇದೂ ಸೆರಾಮಿಕ್ಕೇ ಅಲ್ವಾ. ಅಪ್ಪ ಮಾಡಿದ್ದು."

"ಓಟ್ಮಾರ್, ನಿಂಗೆ ತಲೆ ನೆಟ್ಟಗಿದೆಯಾ? ನಾವು ಮಾಡೋದು ಒಡೀಬಾರದು ಅಂತ ಮಾಡೋದು!"

"ಬೇಗ ಒತ್ತುತೀನಿ," ಅಂದ. "ಅನಿಲ ಹೋಗೋ ಮುಂಚೆ ಒತ್ತುತೀನಿ. ಒಳಗೆ ಸಿಕ್ಕಿಕೊಳ್ಳುತ್ತೆ. ಆಗ ಕೆಳಗೆ ಬಿದ್ದ ತಕ್ಷಣ ಚೂರಾಗುತ್ತೆ."

ಎಷ್ಟು ಯೋಚನೆ ಮಾಡಿದ್ದ ನೋಡಿ! ಕೆಟ್ಟ ಬಿಲ್ಲೆ ಮಾಡುವುದಕ್ಕೆ ಇಷ್ಟು ಲೆಕ್ಕಾಚಾರ, ನೆಲಮಾಳಿಗೆಯ ಹತ್ತು ಮೆಟ್ಟಿಲು ಇಳಿಯುವುದು ಮಾತ್ರ ಆಗದು. ನನಗೆ ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಹಿಟ್ಟು ಕೊಟ್ಟೆ. ಒಡೆಯುವುದು ಒಂದಾದರೂ ಅವನ ಕೈಯಿಂದ ಒಡೆಯಲಿ ಅಂತ. ಕೋಟು ಬಿಚ್ಚಿಟ್ಟು ಅಲ್ಲೇ ಕೂತೆ, ಇವನನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ಅಚ್ಚಿನೊಳಗೆ ಗ್ರಾಫೈಟ್ ಹಾಳೆ ಸುತ್ತಿದ, ಹಿಟ್ಟು ಸುರಿದ, ಗೂಟ ಇಟ್ಟು ಬೆರಳಿಂದ ತಟ್ಟಿ ಸಮ ಮಾಡಿದ. ಹಾಳು ಮಾಡುವ ಕೆಲಸಕ್ಕೂ ಅದೇ ನಾಜೂಕು. ಬಾಗಿಲು ಬಿಗಿದು ಬಿಸಿ ಏರಿಸಿದ. ಸ್ಟೂಲ್ ಮೇಲೆ ಕೂತ. ಪಂಪಿನ ಸದ್ದು ಬಿಟ್ಟರೆ ಗೋದಾಮಿನಲ್ಲಿ ಬೇರೆ ಸದ್ದಿಲ್ಲ. ಕಿಟಕಿಯ ಹೊರಗೆ ಇನ್ನೂ ಬೆಳಕಿತ್ತು. ಪರದೆ ಮೇಲೆ ಅಂಕಿ ಏರುತ್ತಿತ್ತು. ಅನಿಲ ಬಿಡುವ ಹೊತ್ತು ಬಂತು. ಒತ್ತುವ ಗುಂಡಿಯ ಮೇಲೆ ಅವನ ಕೈ ಹೋಯಿತು. ಹಳೇ ಸುಟ್ಟ ಕಲೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಒತ್ತು," ಅಂದೆ.

ಕೈ ಗುಂಡಿಯ ಮೇಲೇ ಇತ್ತು.

"ಒತ್ತೋ. ಹೊತ್ತು ಮೀರಿದ್ರೆ ಆಮೇಲೆ ಸರಿಯಾಗಿಬಿಡುತ್ತೆ."

ಅವನು ಒತ್ತಲಿಲ್ಲ. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅನಿಲವೆಲ್ಲ ಹೋಗುವ ತನಕ ಕೂತೇ ಇದ್ದ. ಆಮೇಲೆ, ಯಾವಾಗ ಒತ್ತಬೇಕೋ ಆಗ, ಎಷ್ಟು ಒತ್ತಬೇಕೋ ಅಷ್ಟು ಒತ್ತಿದ. ಗೂಟ ಇಳಿದು ಇಳಿದು ಇನ್ನು ಇಳಿಯದೆ ನಿಂತಿತು.

"ಕೈ ಬರಲಿಲ್ಲ ಬಾಬೆಟ್," ಅಂದ. ದನಿಯಲ್ಲಿ ಬೇಸರವೂ ಇಲ್ಲ, ಏನೂ ಇಲ್ಲ.

"ಹಾಗಾದ್ರೆ ಇದು ಒಡಿಯಲ್ಲ."

"ಒಡೀಬಹುದು. ಸೆರಾಮಿಕ್ ತಾನೇ," ಅಂದ.

ಎಷ್ಟು ಗಟ್ಟಿ ಅಂತ ನೋಡಲು ನಾವು ದಿನಾ ಕಡ್ಡಿಯಷ್ಟು ತೆಳ್ಳಗೆ ಕೊಯ್ದ ತುಂಡುಗಳನ್ನು ಬಗ್ಗಿಸುವ ಯಂತ್ರಕ್ಕೆ ಕೊಟ್ಟು ಮುರಿಯುತ್ತಿದ್ದೆವು, ಟಿಕ್ ಅಂತ ಮುರಿಯುತ್ತಿದ್ದವು. ಜೀವಮಾನವಿಡೀ ಪಿಂಗಾಣಿ ಒಡೆಯುವುದನ್ನು ಕಂಡ ಕಣ್ಣು ಬೇರೆ. ಬೆಂಕಿಯಿಂದ ಬಂದದ್ದು ಕೆಳಗೆ ಬಿದ್ದರೆ ಒಡೆಯಲೇಬೇಕು ಅಂತ ನಮ್ಮ ಊರವರ ಮೈಯಲ್ಲೇ ಇದೆ. ನನಗೂ ಅರೆಬರೆ ನಂಬಿಕೆ ಬಂತು ಅಂತಿಟ್ಟುಕೊಳ್ಳಿ.

ಪೋಲ್ಟರ್ ದಿನ ಬೆಳಿಗ್ಗೆಯಿಂದ ನಾನು ಓಟ್ಮಾರನ ಅಡುಗೆಮನೆಯಲ್ಲಿ ತುಪ್ಪ ಕಾಯಿಸಿ ಕ್ಯೂಖ್ಲಾ ಕರಿದೆ. ನಡುವೆ ತೆಳ್ಳಗೆ, ಅಂಚು ದಪ್ಪ, ಮೇಲೆ ಸಕ್ಕರೆ. ಮದುವೆ ಮನೆಯಿಂದ ಬೀದಿಗೆಲ್ಲ ಹಂಚಬೇಕು. ರೋಸ್ವಿತಾಳ ಕೈಯಲ್ಲಾದರೆ ಹೂವಿನಷ್ಟು ಹಗುರ ಬರುತ್ತಿತ್ತು, ನನ್ನವು ಚಪ್ಪಲಿ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರೂ ಎರಡೆರಡು ತಿಂದರು.

ಸಂಜೆಗೆ ಬಾಗಿಲ ಮುಂದಿನ ಕಲ್ಲುಹಾಸಿನ ಮೇಲೆ ಜನ ಸೇರಿದರು. ಹೆನ್ನಿಂಗ್ ಕಡೆಯವರು ಹಳೇ ಕಮೋಡು ಒಂದನ್ನು ಅಷ್ಟು ದೂರದಿಂದ ವ್ಯಾನಿನಲ್ಲಿ ಹೊತ್ತು ತಂದಿದ್ದರು.

"ಏನ್ರಪ್ಪ, ನಿಮ್ಮ ಕಡೆ ಇದನ್ನೇ ಊಟದ ತಟ್ಟೆ ಅಂತೀರಾ?" ಅಂದೆ.

"ಹೌದು ಬಾಬೆಟ್ ಅವರೇ, ಮೀನು ದೊಡ್ಡದಿರುತ್ತಲ್ಲ!" ಅಂದ ಹೆನ್ನಿಂಗ್. ಪರವಾಗಿಲ್ಲ, ಬಾಯಿ ಇದೆ ಹುಡುಗನಿಗೆ. ಇಬ್ಬರು ಎತ್ತಿ ಎಸೆದರು, ಬೀದಿಯೇ ಅದುರಿತು, ಎಲ್ಲರೂ ಕೇಕೆ ಹಾಕಿದರು. ತಟ್ಟೆ, ಬಟ್ಟಲು, ಹೂಕುಂಡ, ಹೆಂಚು, ಒಂದಾದ ಮೇಲೊಂದು ಬಿದ್ದವು.

ಓಟ್ಮಾರ್ ಕೆಂಡದ ಮೇಲೆ ಸಾಸೇಜು ತಿರುಗಿಸುತ್ತಾ ನಿಂತಿದ್ದ. ಒಂದೂ ಸೀಯಲಿಲ್ಲ, ಒಂದೂ ಹಸಿಯಿರಲಿಲ್ಲ. ವ್ರೋನಿ ಅವನ ಕಡೆ ನೋಡುತ್ತಲೇ ಇದ್ದಳು. ಕೊನೆಗೆ ತಾನೇ ಕರೆದಳು.

"ಅಪ್ಪ, ಬಾ. ನಿಂದು."

ಜನ ದಾರಿ ಬಿಟ್ಟರು. ಅವನು ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು, ಕೋಟಿನ ಜೇಬಿನಿಂದ ಬಟ್ಟೆಯ ಗಂಟು ತೆಗೆದ. ಬಿಡಿಸಿದ. ಅಂಗೈ ಅಗಲದ ಕಪ್ಪು ಬಿಲ್ಲೆ, ಉಜ್ಜಿ ಹೊಳಪು ಕೊಟ್ಟಿದ್ದ. ವ್ರೋನಿಯ ಮುಖ ಆಗಲೇ ಬದಲಾಗಿತ್ತು. ಅವನು ಕೈ ಎತ್ತಿ ಕಲ್ಲಿನ ಮೇಲೆ ಎಸೆದ.

ಗಂಟೆ ಹೊಡೆದ ಹಾಗೆ ಠಣ್ ಅಂತು. ಪುಟಿಯಿತು, ಇನ್ನೊಂದು ಸಲ ಠಣ್ ಅಂತು, ಚೂರುಗಳ ನಡುವೆ ಉರುಳಿಕೊಂಡು ಹೋಗಿ ವ್ರೋನಿಯ ಕಾಲ ಬಳಿ ಮಲಗಿತು. ಕಲ್ಲುಹಾಸಿನ ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಬಿಲ್ಲೆಗೆ ಗೀರೂ ಇಲ್ಲ.

ಪೋಲ್ಟರ್‌ನಲ್ಲಿ ಒಡೆಯದ್ದನ್ನು ನಮ್ಮ ಬೀದಿ ಅವತ್ತೇ ನೋಡಿದ್ದು. ಎದುರುಮನೆ ಮುದುಕಿ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಹೆನ್ನಿಂಗ್ ಪಾಪ, ಸಂಭಾಳಿಸಲು ನೋಡಿದ. "ನಮ್ಮ ಮದುವೆ ಇಷ್ಟು ಗಟ್ಟಿ ಅಂತ!" ಕೆಲವರು ನಕ್ಕರು.

ವ್ರೋನಿ ನಗಲಿಲ್ಲ. ಬಿಲ್ಲೆ ಎತ್ತಿಕೊಂಡಳು. "ಏನಪ್ಪ ಇದು?"

"ನಾನು ಮಾಡಿದ್ದು."

"ಅಮ್ಮನದು ಎಲ್ಲಿ?"

ಓಟ್ಮಾರ್ ಆಕಾಶ ನೋಡಿದ. "ಇನ್ನೇನು ಮಳೆ ಬರಬಹುದು," ಅಂದ.

ನನಗೆ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ವ್ರೋನಿ ಬಿಲ್ಲೆಯನ್ನು ಎತ್ತಿ ಕಲ್ಲಿಗೆ ಬಡಿದಳು. ಠಣ್. ಮತ್ತೆ ಎತ್ತಿದಳು, ಎರಡೂ ಕೈಯಲ್ಲಿ ಹಿಡಿದು ಇನ್ನೂ ಜೋರಾಗಿ ಎಸೆದಳು. ಠಣ್.

"ಒಡಿಯಲ್ಲ ಅಲ್ವಾ?" ಅಂದಳು. "ಏನು ಮಾಡಿದ್ರೂ ಒಡಿಯಲ್ಲ ಅಲ್ವಾ ನಿಂದು? ಸರಿ. ಇರಲಿ ಬಿಡು. ಚೆನ್ನಾಗಿರು ಅಪ್ಪ."

ಮನೆಯೊಳಗೆ ಹೋಗಲೂ ಮನಸ್ಸಿಲ್ಲದೆ ಬಾಗಿಲ ಮೆಟ್ಟಿಲ ಮೇಲೆ, ಎಲ್ಲರಿಗೂ ಬೆನ್ನು ಮಾಡಿ ಕೂತಳು. ಹೆನ್ನಿಂಗ್ ಪಕ್ಕ ಕೂತ. ಜನ ಬಿಯರ್ ಲೋಟ ನೋಡುತ್ತಾ ನಿಂತರು. ಕೆಂಡದ ಮೇಲೆ ಸಾಸೇಜು ಸೀಯತೊಡಗಿತು, ಯಾರೂ ತಿರುಗಿಸಲಿಲ್ಲ.

ನಾನು ಓಟ್ಮಾರನ ತೋಳು ಹಿಡಿದು ಗೋಡೆ ಪಕ್ಕ ಎಳೆದೆ. "ಈಗ ಕೇಳಿಸ್ಕೋ. ನಾಳೆ ಮದುವೆ ಆದ ಮೇಲೆ ಅವಳು ಹೋಗ್ತಾಳೆ, ವಾಪಸ್ ಬರಲ್ಲ. ನಂಗೆ ಬಾಯಿಬಿಟ್ಟು ಹೇಳಿದಾಳೆ. ಏನಿದೆಯೋ ಆ ಪೆಟ್ಟಿಗೆಯಲ್ಲಿ ಮಗಳಿಗಿಂತ ಹೆಚ್ಚು?"

ಅವನು ಕಲ್ಲಿನ ಮೇಲಿನ ಚೂರುಗಳ ಕಡೆ ನೋಡಿದ.

"ಅವಳು ಬರೆದಿದ್ದು ಅಷ್ಟೇ ಉಳಿದಿರೋದು," ಅಂದ. "ಅದನ್ನೂ ಒಡೆದ್ರೆ ಮುಗೀತಲ್ಲ."

"ಮುಗಿದಾಗಿದೆ ಓಟ್ಮಾರ್. ಮುಗಿದು ಎರಡು ಚಳಿಗಾಲ ಆಯ್ತು. ನೀನೇ ಮಣ್ಣು ಹಾಕಿದೆ, ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಇದನ್ನ ಬರೆದಿದ್ದು ನಿನ್ನ ನೆಲಮಾಳಿಗೆಗಲ್ಲ. ಇವತ್ತಿಗೆ ಅಂತ ಬರೆದಿದ್ದು."

ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಅವನಿಗೆ ಬರಲಿಲ್ಲ. ನನ್ನನ್ನು ಒಂದು ಸಲ ನೋಡಿ ಪಕ್ಕದ ಬಾಗಿಲಿನಿಂದ ಒಳಗೆ ಹೋದ.

ಬರುವುದೇ ಇಲ್ಲ ಅಂದುಕೊಂಡೆ. ಕೆಲವರು ಹೊರಡಲು ಕೋಟು ಹುಡುಕುತ್ತಿದ್ದರು. ಆಗ ನೆಲಮಾಳಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಮರದ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು ಬಂದ, ವ್ರೋನಿಯ ಮುಂದೆ ಕಲ್ಲಿನ ಮೇಲೆ ಇಟ್ಟ. ಮುಚ್ಚಳ ತೆಗೆದ. ಹಳೇ ಪತ್ರಿಕೆಯಲ್ಲಿ ಸುತ್ತಿದ ಒಂದನ್ನು ಬಿಡಿಸಿದ. ತಟ್ಟೆ. ಅಂಚು ಸ್ವಲ್ಪ ಸೊಟ್ಟ, ನಡುವೆ ನೀಲಿ ಹೂವು. ರೋಸ್ವಿತಾಳ ಹೂವು ಸಾವಿರದಲ್ಲಿ ಗುರುತು ಹಿಡೀತೀನಿ, ಒಂದು ಎಸಳು ಯಾವಾಗಲೂ ಉಳಿದವಕ್ಕಿಂತ ಉದ್ದ. ಮೇಸ್ತ್ರಿ ಬೈದರೂ ಬಿಟ್ಟವಳಲ್ಲ.

ಓಟ್ಮಾರ್ ಆ ಎಸಳಿನ ಮೇಲೆ ಹೆಬ್ಬೆಟ್ಟು ಆಡಿಸಿದ. ಆಮೇಲೆ ಎಸೆದ.

ಮೆತ್ತಗೆ, ಒಂದೇ ಸದ್ದಿಗೆ ಚೂರಾಯಿತು.

"ಇಷ್ಟೇನಾ?" ಅಂದ. ನಮ್ಮನ್ನಲ್ಲ, ತಟ್ಟೆಯನ್ನು ಕೇಳಿದ ಹಾಗಿತ್ತು.

ವ್ರೋನಿ ಎದ್ದು ಬಂದಳು. ಎರಡನೆಯದನ್ನು ಅವನು ಬಿಡಿಸಿಕೊಟ್ಟ, ಅವಳು ಎಸೆದಳು. ಹಾಗೇ ಸಾಗಿತು, ಅವನು ಬಿಡಿಸುವುದು, ಅವಳು ಎಸೆಯುವುದು, ಒಂದೊಂದು ಹೆನ್ನಿಂಗ್‌ಗೂ ಸಿಕ್ಕಿತು. ಯಾರೂ ಕೇಕೆ ಹಾಕಲಿಲ್ಲ. ತಳದಲ್ಲಿ ಒಂದು ಪುಟ್ಟ ಬಟ್ಟಲು ಉಳಿದಿತ್ತು, ಮಕ್ಕಳು ಹಾಲು ಕುಡಿಯುವಂಥದು.

"ಇದನ್ನ ನೀನೇ ಇಟ್ಕೋ ಅಪ್ಪ," ಅಂದಳು ವ್ರೋನಿ.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಅವನು ತಲೆ ಅಲ್ಲಾಡಿಸಿ ಅವಳ ಕೈಗೆ ಕೊಟ್ಟ. "ನಿಂಗೆ ಅಂತ ಬರೆದಿದ್ದು."

ಅವಳು ಎಸೆದಳು.

ಆಮೇಲೆ ಗುಡಿಸುವ ಹೊತ್ತು. ಹೆನ್ನಿಂಗ್ ಪೊರಕೆ ತಂದ, ವ್ರೋನಿ ಮೊರ ಹಿಡಿದಳು. ಅಷ್ಟರಲ್ಲಿ ಓಟ್ಮಾರ್ ಮಂಡಿಯೂರಿ ಕೂತು ನೀಲಿ ಇದ್ದ ಚೂರುಗಳನ್ನು ಬರಿಗೈಯಲ್ಲಿ ಗೋರಲು ಶುರುಮಾಡಿದ. "ಬೇರೆಯವರು ಮುಟ್ಟಬಾರದು ಕಣೋ," ಅಂತ ಎದುರುಮನೆ ಮುದುಕಿ ಕೂಗಿದಳು. ವ್ರೋನಿ ಅವಳ ಕಡೆ ತಿರುಗಿ, "ಇರಲಿ ಬಿಡಿ," ಅಂದಳು.

ಅವನು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. "ಆಹ್!" ಅಂದ.

ಅಂಗೈ ಕೊಯ್ದಿತ್ತು, ಆ ಸುಟ್ಟ ಕಲೆಯ ಮೇಲೇ. ರಕ್ತ ಮಣಿಕಟ್ಟಿಗೆ ಇಳಿಯಿತು. ಓಟ್ಮಾರ್ ಕೈ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಬಾಬೆಟ್," ಅಂದ. "ನೋಯ್ತಾ ಇದೆ."

ವ್ರೋನಿ ಮೊರ ಬಿಸಾಡಿ ಬಂದಳು, ಬಿಲ್ಲೆ ಸುತ್ತಿದ್ದ ಬಟ್ಟೆಯನ್ನೇ ಎತ್ತಿಕೊಂಡು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಕೈಗೆ ಬಿಗಿದು ಕಟ್ಟಿದಳು. ನರ್ಸ್ ಕೈ, ಚುರುಕು. ಅವನು ಹಲ್ಲು ಕಚ್ಚಿದ.

"ರೋಸ್ವಿತಾ ಇದ್ದಿದ್ರೆ ಬೈತಿದ್ಲು," ಅಂದ.

ವ್ರೋನಿಯ ಕೈ ನಿಂತಿತು. ತಲೆ ಎತ್ತದೆ, ಗಂಟು ಹಾಗೇ ಹಿಡಿದುಕೊಂಡು ಕೇಳಿದಳು. "ಏನಂತ ಬೈತಿದ್ಲು ಅಪ್ಪ?"

ಅವನು ಯೋಚನೆ ಮಾಡಿದ.

"'ಕೀಸ್ಲಿಂಗ್,' ಅಂತಿದ್ಲು. ಸಿಟ್ಟು ಬಂದ್ರೆ ಮನೆತನದ ಹೆಸರಿಂದಾನೇ ಕರೀತಿದ್ಲು. 'ಕೀಸ್ಲಿಂಗ್, ಆ ಕೈ ನಿನ್ನೊಬ್ಬಂದಲ್ಲ. ನಾನೂ ಹಿಡ್ಕೋಬೇಕು.'"

"ಇನ್ನೂ?" ಅಂದಳು ವ್ರೋನಿ.

ಅವನು ಹೇಳತೊಡಗಿದ.